ಮೂರರಲ್ಲಿ ಒಂದು ಪೆಟ್ಟಿಗೆ

ಮೇಜಿನ ಮೇಲಿರುವ ಈ ಮೂರನ್ನು ಮೊದಲು ನೋಡಿಬಿಡಿ, ಆಮೇಲೆ ಮಾತು. ಎಡಗಡೆ ಇರುವುದು ಪೆಟ್ಟಿಗೆ, ಒಳಗೆ ವಿಡಿಯೊ ಗೇಮಿನ ಕ್ಯಾಸೆಟ್ ಇದೆ, ಪುಸ್ತಕ ಇದೆ. ನಡುವಿನದು ಬರೀ ಕ್ಯಾಸೆಟ್, ಪೆಟ್ಟಿಗೆ ಇಲ್ಲ. ಬಲಗಡೆ ಇರುವುದು ಬರೀ ಪೆಟ್ಟಿಗೆ, ಒಳಗೆ ಏನೂ ಇಲ್ಲ. ಈ ಖಾಲಿ ಪೆಟ್ಟಿಗೆ ಜಪಾನಿನಿಂದ ಬಂದ ದಿನ ನಮ್ಮ ಆಯಿ ಕಾರವಾರಕ್ಕೆ ಬಂದಿದ್ದಳು. ಅಲುಗಾಡಿಸಿ ನೋಡಿದಳು. "ಖಾಲಿ ಪೆಟ್ಗೆಗೆ ದುಡ್ಡು ಕೊಟ್ಯಾ ತಮಾ?" ಅಂದಳು. ಹೌದು ಅಂದೆ. ಮತ್ತೆ ಏನೂ ಕೇಳಲಿಲ್ಲ. ಎರಡು ದಿನ ಅತ್ತೆಗೆ ಫೋನ್ ಮಾಡಿ ಅದನ್ನೇ ಹೇಳಿದಳು.

ಈ ಮೂರೂ ಒಂದೇ ಆಟ. ಹೆಸರು ಯು-ಗಿ-ಓ ಡ್ಯುಯಲ್ ಮಾನ್‌ಸ್ಟರ್ಸ್ 4. ಜಪಾನಿನ ಕೊನಾಮಿ ಕಂಪನಿ 2000ದ ಡಿಸೆಂಬರಿನಲ್ಲಿ, ಕೈಯಲ್ಲಿ ಹಿಡಿದು ಆಡುವ ಯಂತ್ರ ಗೇಮ್ ಬಾಯ್ ಕಲರ್‌ಗೆ ತಂದದ್ದು. ಒಂದೇ ಆಟವನ್ನು ಮೂರು ಪೆಟ್ಟಿಗೆಯಲ್ಲಿ ಮಾರಿದರು. ಯೂಗಿ ಹೆಸರಿನದು ಒಂದು, ಕೈಬಾ ಹೆಸರಿನದು ಒಂದು, ಜೊನೊಉಚಿ ಹೆಸರಿನದು ಇನ್ನೊಂದು. ಮೂವರೂ ಯು-ಗಿ-ಓ ಕಥೆಯ ಪಾತ್ರಗಳು. ಯಾಕೆ ಹಾಗೆ ಮಾಡಿದರು ಅನ್ನುವುದೇ ಇವತ್ತಿನ ಮಾತಿನ ಅರ್ಧಭಾಗ.

ನಾನು ಹೈಸ್ಕೂಲು ಓದಿದ್ದು ಶಿರಸಿಯಲ್ಲಿ. ಪಿಯುಸಿಗೆ ಕಾರವಾರಕ್ಕೆ ಬಂದೆ, ಅತ್ತೆಯ ಮನೆಯಲ್ಲಿದ್ದೆ. ಕೋಡಿಬಾಗದ ನನ್ನ ಕ್ಲಾಸ್‌ಮೇಟಿನ ಅಣ್ಣ ಶಿಪ್ಪಿನಲ್ಲಿ ಕೆಲಸಕ್ಕಿದ್ದ. ಒಂದು ಸಲ ರಜೆಗೆ ಬಂದಾಗ ಗೇಮ್ ಬಾಯ್ ಅಡ್ವಾನ್ಸ್ ತಂದ. ಜೊತೆಗೆ ನಾಲ್ಕೈದು ಕ್ಯಾಸೆಟ್. ಕಾರ್ಟ್ರಿಜ್ ಅನ್ನಬೇಕು, ಆದರೆ ನಾವೆಲ್ಲ ಕ್ಯಾಸೆಟ್ ಅಂತಲೇ ಕರೆದದ್ದು, ಇವತ್ತೂ ಹಾಗೇ ಕರೆಯುತ್ತೇನೆ. ಅದರಲ್ಲೊಂದು ಈ ನಡುವಿನದು, ಕೈಬಾ. ಪೂರ್ತಿ ಜಪಾನಿ ಭಾಷೆ. ಒಂದಕ್ಷರ ಓದಲು ಬರುವುದಿಲ್ಲ. ಆದರೂ ಆ ಮಳೆಗಾಲ ಪೂರ್ತಿ ಆಡಿದೆವು. ಕಾರವಾರದ ಮಳೆ ನಿಮಗೆ ಗೊತ್ತಲ್ಲ, ಜೂನಿನಲ್ಲಿ ಬಾಗಿಲು ಹಾಕಿದರೆ ಸೆಪ್ಟೆಂಬರಿಗೆ ತೆಗೆಯುವುದು. ಯಾವ ಚಿತ್ರದ ಕಾರ್ಡ್ ಯಾವ ಕಾರ್ಡನ್ನು ಹೊಡೆಯುತ್ತದೆ ಅಂತ ಹಿಂದಿನ ವರ್ಷದ ರಫ್ ನೋಟ್‌ಬುಕ್ಕಿನಲ್ಲಿ ನಾವೇ ಬರೆದುಕೊಂಡೆವು. ಹೆಸರು ಓದಲು ಬಾರದ್ದಕ್ಕೆ ನಾವೇ ಹೆಸರಿಟ್ಟೆವು. "ಬಕಾಸುರ" ಅಂತ ಒಂದಿತ್ತು. "ಹೆಡ್ಮಾಸ್ಟರ್" ಅಂತ ಇನ್ನೊಂದು.

ಎರಡು ವರ್ಷ ಬಿಟ್ಟು ಒಂದು ಸೈಬರ್ ಕೆಫೆಯಲ್ಲಿ ಗೊತ್ತಾಯಿತು, ನಾವು ಆಡಿದ್ದು ಮೂರರಲ್ಲಿ ಒಂದು ಭಾಗ ಮಾತ್ರ ಅಂತ. ಈ ಆಟದಲ್ಲಿ ಕೆಲವು ಕಾರ್ಡುಗಳು ಒಂದೊಂದು ಪೆಟ್ಟಿಗೆಗೆ ಮೀಸಲು. ಕೈಬಾ ತಗೊಂಡವನಿಗೆ ಯೂಗಿಯ ಕಾರ್ಡ್ ಉಪಯೋಗಕ್ಕೆ ಬರುವುದಿಲ್ಲ. ಆ ಇಡೀ ಮಳೆಗಾಲ ನಾವು ಹುಡುಕಿದ ಕೆಲವು ಕಾರ್ಡುಗಳು ನಮ್ಮ ಕೈಗೆ ಸಿಗುವಂತೆಯೇ ಇರಲಿಲ್ಲ. ಆವತ್ತು ಶುರುವಾದ ಹುಚ್ಚು ಇದು.

ಇಲ್ಲಿ ಹಿರಿಯರು ತುಂಬಾ ಜನ ಇದ್ದೀರಿ, ಹಾಗಾಗಿ ಆಟ ಹೇಗೆ ಅಂತ ಎರಡು ಮಾತು. ಇಸ್ಪೀಟ್ ಎಲ್ಲರೂ ಆಡಿದ್ದೀರಿ. ಇಲ್ಲ ಅಂತ ತಲೆ ಅಲ್ಲಾಡಿಸುವವರೂ ಮದುವೆ ಮನೆಯಲ್ಲಿ ಹಿಂದಿನ ರಾತ್ರಿ ಆಡಿರುತ್ತೀರಿ. ಇಸ್ಪೀಟಿನಲ್ಲಿ ಒಂದೇ ಕಟ್ಟು, 52 ಎಲೆ, ಕಲೆಸಿ ಎಲ್ಲರಿಗೂ ಹಂಚುತ್ತೇವೆ. ಬಂದ ಎಲೆಯಲ್ಲಿ ಆಡಬೇಕು. ಈ ಆಟದಲ್ಲಿ ಹಾಗಲ್ಲ. ನನ್ನ ಕಟ್ಟನ್ನು ನಾನು ಮನೆಯಿಂದಲೇ ತರುತ್ತೇನೆ, ನಿಮ್ಮದನ್ನು ನೀವು ತರುತ್ತೀರಿ. ಯು-ಗಿ-ಓ ಆದರೆ ಕಡಿಮೆ ಅಂದರೆ 40 ಕಾರ್ಡಿನ ಕಟ್ಟು. ಪೋಕೆಮಾನ್ ಆದರೆ 60. ಯಾವ ಕಾರ್ಡ್ ಸೇರಿಸಬೇಕು, ಯಾವುದನ್ನು ಬಿಡಬೇಕು ಅನ್ನುವುದರಲ್ಲೇ ಅರ್ಧ ಆಟ ಮುಗಿದಿರುತ್ತದೆ. ನಾಳೆ ರಾತ್ರಿಯ ತಾಳಮದ್ದಲೆಗೆ ಅರ್ಥಧಾರಿಗಳನ್ನು ಆರಿಸುವ ಹಾಗೆ ಅಂದುಕೊಳ್ಳಿ. ಕೃಷ್ಣನಿಗೆ ಯಾರು, ಕೌರವನಿಗೆ ಯಾರು ಅಂತ ಗೊತ್ತಾದ ಕೂಡಲೇ ಪ್ರಸಂಗ ಹೇಗೆ ಹೋಗುತ್ತದೆ ಅಂತ ಅಂದಾಜು ಸಿಗುತ್ತದೆ, ಅಲ್ವಾ? ಹಾಗೆ.

1993ರಲ್ಲಿ ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ಅನ್ನುವ ಗಣಿತದ ಮೇಷ್ಟ್ರು ಮಾಡಿದ ಮ್ಯಾಜಿಕ್ ಅನ್ನುವ ಆಟದಿಂದ ಈ ತರಹದ್ದು ಶುರು. ಅದು ಕಾಗದದ ಕಾರ್ಡ್. ಅದನ್ನೇ ಪರದೆಯ ಮೇಲೆ ತಂದರೆ ನಮ್ಮ ವಿಷಯ.

ಇಲ್ಲೊಂದು ಅಡ್ಡಮಾತು, ಕಾರವಾರದವರಿಗೆ ಖುಷಿಯಾಗುವಂಥದ್ದು. ಗೇಮ್ ಬಾಯ್ ಮಾಡಿದ ನಿಂಟೆಂಡೊ ಅಂದರೆ ವಿಡಿಯೊ ಗೇಮ್ ಕಂಪನಿ ಅಂತ ಮಕ್ಕಳಿಗೆ ಗೊತ್ತು. ಆ ಕಂಪನಿ ಶುರುವಾದದ್ದು 1889ರಲ್ಲಿ, ಕ್ಯೋಟೊ ನಗರದಲ್ಲಿ. ಮಾಡುತ್ತಿದ್ದದ್ದು ಇಸ್ಪೀಟಿನಂಥ ಎಲೆ. ಹೂವಿನ ಚಿತ್ರದ ಎಲೆ, ಹನಾಫುಡ ಅನ್ನುತ್ತಾರೆ. ಜಪಾನಿನಲ್ಲಿ ಇಂಥ ಎಲೆಗೆ ಕರುತ ಅಂತಲೂ ಹೆಸರು. ಅದು ಪೋರ್ಚುಗೀಸರ 'ಕಾರ್ತ' ಅನ್ನುವ ಮಾತು. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನ ಜೊತೆ ಜಪಾನಿಗೆ ಹೋದದ್ದು. ಆ ಹಡಗುಗಳು ಎಲ್ಲಿಂದ ಹೊರಡುತ್ತಿದ್ದವು? ಗೋವಾದಿಂದ. ಇಲ್ಲಿಂದ ಕಾಳಿ ಸೇತುವೆ ದಾಟಿ ಬೈಕಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರುವ ಊರು. ನಮ್ಮ ಪಕ್ಕದ ಬಂದರಿನಿಂದ ಹೋದ ಎಲೆ ನಾಲ್ಕು ನೂರು ವರ್ಷ ಸುತ್ತಿ, ಕ್ಯಾಸೆಟ್ ಆಗಿ, ಶಿಪ್ಪಿನವನ ಬ್ಯಾಗಿನಲ್ಲಿ ಕೋಡಿಬಾಗಕ್ಕೆ ಬಂತು ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಸ್ವಲ್ಪ ಎಳೆದ ಹಾಗಾಯಿತು, ಇರಲಿ.

ಗೋವಾ ದಾಟಿ ಕೊಂಕಣ ರೈಲಿನಲ್ಲೇ ಇನ್ನೂ ಮುಂದೆ ಹೋದರೆ ಸಾವಂತವಾಡಿ. ಅಲ್ಲಿ ಈಗಲೂ ಗಂಜೀಫ ಎಲೆ ಬರೆಯುತ್ತಾರೆ. ದುಂಡಗಿನ ಎಲೆ, ಕೈಯಲ್ಲೇ ಚಿತ್ರ, ಮೇಲೆ ಮೆರುಗೆಣ್ಣೆ. ದಶಾವತಾರದ ಕಟ್ಟಿನಲ್ಲಿ 120 ಎಲೆ, ಒಂದೊಂದು ಅವತಾರಕ್ಕೆ 12ರಂತೆ. ನಮ್ಮ ಮೈಸೂರಿನಲ್ಲೂ ಗಂಜೀಫ ಇತ್ತು, ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಅದರ ಮರುಳು ಜಾಸ್ತಿಯೇ. 120ರಲ್ಲಿ ಒಂದು ಎಲೆ ಕಳೆದರೆ ಆ ಕಟ್ಟಿನಲ್ಲಿ ಆಡುವ ಹಾಗಿಲ್ಲ. ಉಳಿದ 119 ಗೋಡೆಗೆ ಹಾಕುವ ಚಿತ್ರವಾಗುತ್ತವೆ, ಅಷ್ಟೇ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

1998ರ ಡಿಸೆಂಬರ್. ಜಪಾನಿನಲ್ಲಿ ಎರಡೇ ದಿನದ ಅಂತರದಲ್ಲಿ ಎರಡು ಕ್ಯಾಸೆಟ್ ಬಂದವು. 16ಕ್ಕೆ ಕೊನಾಮಿಯ ಮೊದಲ ಡ್ಯುಯಲ್ ಮಾನ್‌ಸ್ಟರ್ಸ್, 18ಕ್ಕೆ ಪೋಕೆಮಾನ್ ಕಾರ್ಡ್ ಆಟ. ಪೋಕೆಮಾನಿನ ಕಾಗದದ ಕಾರ್ಡುಗಳು ಆಗಲೇ ಅಂಗಡಿಯಲ್ಲಿದ್ದವು, ಕ್ಯಾಸೆಟ್ ಅದರ ನೆರಳು. ಯು-ಗಿ-ಓ ಉಲ್ಟಾ. ಅದು ಕಜುಕಿ ತಕಹಾಶಿ 1996ರಲ್ಲಿ ಶುರು ಮಾಡಿದ ಚಿತ್ರಕಥೆ. ಕೊನಾಮಿ ಮೊದಲು ಕ್ಯಾಸೆಟ್ ಮಾಡಿತು, ತನ್ನ ಕಾಗದದ ಕಾರ್ಡನ್ನು ಅಂಗಡಿಗೆ ತಂದದ್ದು 1999ರಲ್ಲಿ. ಹಾಗಾಗಿ ಅವರಿಗೆ ಶುರುವಿನಿಂದಲೂ ಒಂದು ಉಪಾಯ ಗೊತ್ತಿತ್ತು. ಕ್ಯಾಸೆಟ್ ಕೊಂಡರೆ ಕಾರ್ಡ್ ಸಿಗಬೇಕು, ಕಾರ್ಡ್ ಕೊಂಡರೆ ಕ್ಯಾಸೆಟ್ ಬೇಕು ಅನ್ನಿಸಬೇಕು.

ಇದಕ್ಕೆ ಅವರು ಮಾಡಿದ ಕೆಲಸ ಬಹಳ ಚೆನ್ನಾಗಿದೆ. ಈ ಕಾರ್ಡ್ ನೋಡಿ, ಹಿಂದಿನ ಸಾಲಿಗೂ ಕೊಡಿ, ಮೂಲೆ ಹಿಡಿಯಬೇಡಿ ಅಷ್ಟೇ. ಕೆಳಗೆ ಎಡ ಮೂಲೆಯಲ್ಲಿ ಸಣ್ಣಗೆ ಎಂಟು ಅಂಕಿ ಇದೆ. ಇದು ನೀಲಿ ಕಣ್ಣಿನ ಬಿಳಿ ಡ್ರ್ಯಾಗನ್, ಕೈಬಾನ ಕಾರ್ಡ್, ನಂಬರ್ 89631139. ನನ್ನ ಎಟಿಎಂ ಪಿನ್ ಮರೆತರೂ ಇದು ಮರೆಯುವುದಿಲ್ಲ. ಆಟದೊಳಗೆ ನಂಬರ್ ಹಾಕುವ ಜಾಗ ಇರುತ್ತಿತ್ತು. ಕಾರ್ಡಿನ ಮೇಲಿನ ಎಂಟು ಅಂಕಿ ಅಲ್ಲಿ ಒತ್ತಿದರೆ ಅದೇ ಕಾರ್ಡ್ ಆಟದೊಳಗೆ ನಿಮ್ಮದಾಗುತ್ತಿತ್ತು. ಯಾರ ಹತ್ತಿರವಾದರೂ ಕಾರ್ಡ್ ಇದ್ದರೆ ಕೊಳ್ಳಬೇಕಾಗಿಲ್ಲ, ನೋಡಿದರೆ ಸಾಕು, ನಂಬರ್ ಬರೆದುಕೊಂಡರೆ ಆಯಿತು. ನಮ್ಮ ಕ್ಲಾಸಿನಲ್ಲಿ ನೇವಿಯವರ ಮಗ ಒಬ್ಬ ಮುಂಬಯಿಯಿಂದ ಕಾರ್ಡ್ ತಂದಿದ್ದ. ನಂಬರ್ ತೋರಿಸಲು ಒಂದು ಸಮೋಸ ತಗೊಳ್ಳುತ್ತಿದ್ದ. ಅವನು ಕೊಟ್ಟ ನಂಬರುಗಳಲ್ಲಿ ಎರಡು ತಪ್ಪಿದ್ದವು. ಬೇಕಂತಲೇ ಹಾಗೆ ಮಾಡಿದ್ದ ಅಂತ ನನಗೆ ಈಗಲೂ ಗುಮಾನಿ.

ಆದರೆ ಕೊನಾಮಿಯವರು ನಮಗಿಂತ ಜಾಣರು. ಪ್ಲೇಸ್ಟೇಷನ್‌ಗೆ ಬಂದ ಫರ್ಬಿಡನ್ ಮೆಮೊರೀಸ್ ಆಟದಲ್ಲಿ ನಂಬರ್ ಒತ್ತಿದರೆ ಸಾಲದು, ಆಟದೊಳಗೆ ಗೆದ್ದ ದುಡ್ಡನ್ನೂ ಕೊಡಬೇಕು. ಅಲ್ಲಿ ಅದಕ್ಕೆ ಸ್ಟಾರ್ ಚಿಪ್ ಅನ್ನುತ್ತಾರೆ. ನೀಲಿ ಕಣ್ಣಿನ ಡ್ರ್ಯಾಗನ್ನಿಗೆ 9,99,999 ಸ್ಟಾರ್ ಚಿಪ್. ಒಂದು ಆಟ ಗೆದ್ದರೆ ಸಿಗುವುದು ಬೆರಳೆಣಿಕೆಯಷ್ಟು. ತೋಟದ ಅಡಿಕೆ ಮಾರಿ ವಿಮಾನ ಕೊಳ್ಳುವ ಲೆಕ್ಕ.

ಮತ್ತೆ ಮೇಜಿನ ಮೇಲಿನ ಪೆಟ್ಟಿಗೆಗೆ ಬರೋಣ. ಕಥೆಯಲ್ಲಿ ಮೂರು ದೇವರ ಕಾರ್ಡ್ ಬರುತ್ತವೆ. ಕಥೆಯ ಪ್ರಕಾರ ಈಜಿಪ್ಟಿನ ದೇವರುಗಳು. ಒಸೈರಿಸ್, ಒಬೆಲಿಸ್ಕ್, ರಾ. ಇಂಗ್ಲಿಷಿನಲ್ಲಿ ಒಸೈರಿಸ್ಸಿನ ಹೆಸರು ಸ್ಲೈಫರ್ ಅಂತ ಬದಲಾಯಿತು. ಡ್ಯುಯಲ್ ಮಾನ್‌ಸ್ಟರ್ಸ್ 4ರ ಯೂಗಿ ಪೆಟ್ಟಿಗೆಯಲ್ಲಿ ಒಸೈರಿಸ್ ಕಾಗದದ ಕಾರ್ಡ್, ಕೈಬಾ ಪೆಟ್ಟಿಗೆಯಲ್ಲಿ ಒಬೆಲಿಸ್ಕ್, ಜೊನೊಉಚಿ ಪೆಟ್ಟಿಗೆಯಲ್ಲಿ ರಾ. ಮೂರು ದೇವರೂ ಬೇಕು ಅಂದರೆ ಮೂರು ಕ್ಯಾಸೆಟ್ ಕೊಳ್ಳಬೇಕು. ಇನ್ನೂ ತಮಾಷೆ ಕೇಳಿ. ಆ ಕಾಗದದ ದೇವರನ್ನು ನಿಜವಾದ ಪಂದ್ಯದಲ್ಲಿ ಆಡುವ ಹಾಗೇ ಇರಲಿಲ್ಲ. ನೋಡಲಿಕ್ಕೆ ಮಾತ್ರ. ಉತ್ಸವಮೂರ್ತಿಯೂ ಅಲ್ಲ, ಗರ್ಭಗುಡಿಯದು.

ಆಮೇಲೆ ಏನಾಯಿತು ಅಂದರೆ, ಹುಡುಗರು ದೇವರನ್ನು ತೆಗೆದು ಆಲ್ಬಮ್ಮಿನಲ್ಲಿಟ್ಟರು. ಕ್ಯಾಸೆಟ್ ಆಡಿ ಮಾರಿದರು. ಪೆಟ್ಟಿಗೆಯನ್ನು ಅಮ್ಮಂದಿರು ರದ್ದಿಗೆ ಹಾಕಿದರು. ಒಂದೇ ಪೆಟ್ಟಿಗೆಯಲ್ಲಿ ಹುಟ್ಟಿದ ನಾಲ್ಕು ವಸ್ತು, ಕಾರ್ಡ್, ಕ್ಯಾಸೆಟ್, ಪುಸ್ತಕ, ಪೆಟ್ಟಿಗೆ, ನಾಲ್ಕು ದಿಕ್ಕಿಗೆ ಹೋದವು. ಈಗ ಇಪ್ಪತ್ತೈದು ವರ್ಷದ ಮೇಲೆ ನನ್ನಂಥವನು ಕೂತು ಅವನ್ನು ಮತ್ತೆ ಒಂದು ಕಡೆ ಸೇರಿಸುತ್ತಾನೆ. ಕ್ಯಾಸೆಟ್ ಅಗ್ಗಕ್ಕೆ ಸಿಗುತ್ತದೆ. ಕಷ್ಟ ಇರುವುದು ತೆಳ್ಳಗಿನ ರಟ್ಟಿನ ಪೆಟ್ಟಿಗೆ, ಒಳಗಿನ ರಟ್ಟಿನ ತಟ್ಟೆ, ಜಾಹೀರಾತಿನ ಚೀಟಿ. ಯಾರೂ ಇಟ್ಟುಕೊಳ್ಳದ್ದೇ ಈಗ ಸಿಗದಿರುವುದು. ಆಯಿಗೆ ಖಾಲಿ ಪೆಟ್ಟಿಗೆಯ ಲೆಕ್ಕ ಹೀಗೆ ಬಿಡಿಸಿ ಹೇಳಿದೆ. ಗಂಜೀಫದ ಕಳೆದ ಎಲೆ ಇದು ಅಂದೆ. "ಹಂಗಾರೆ ಕ್ಯಾಸೆಟ್ ಎಲ್ಲಿದ್ದು?" ಅಂದಳು. ಅದಿನ್ನೂ ಸಿಕ್ಕಿಲ್ಲ.

ಸ್ಪೆಷಲ್ ಎಡಿಷನ್ ಅನ್ನುವ ಮಾತು ಎಲ್ಲದರ ಮೇಲೂ ಅಂಟಿಸುತ್ತಾರೆ. ನನ್ನ ಮಟ್ಟಿಗೆ ಒಂದೇ ಪ್ರಶ್ನೆ. ಆ ಸ್ಪೆಷಲ್ ಅನ್ನುವುದು ಆಟದೊಳಗೆ ಏನಾದರೂ ಮಾಡುತ್ತದಾ? ಬಣ್ಣದ ತಗಡಿನ ಡಬ್ಬಿ, ಕೀಚೈನು, ಗೊಂಬೆ, ಇವೆಲ್ಲ ನನಗೆ ಬೇಡ. ಇಷ್ಟಪಡುವವರು ಇದ್ದಾರೆ, ಅವರ ದುಡ್ಡು ಅವರ ಮನೆ. ನನಗೆ ಬೇಕಾದ್ದು ಒಬ್ಬನಿಂದ ಪೂರ್ತಿಯಾಗದ ಪೆಟ್ಟಿಗೆ. ಇನ್ನೊಬ್ಬ ಬಂದು ಪಕ್ಕದಲ್ಲಿ ಕೂತರೆ ಮಾತ್ರ ಪೂರ್ತಿಯಾಗುವಂಥದ್ದು.

ಅದರಲ್ಲಿ ನನಗೆ ಬಹಳ ಇಷ್ಟ ಈ ಜೋಡಿ. ಒಂದು ಇಲ್ಲೇ ಇದೆ, ಇನ್ನೊಂದರ ಕಥೆ ಹೇಳುತ್ತೇನೆ. 1999ರಲ್ಲಿ ಎಸ್‌ಎನ್‌ಕೆ ಕಂಪನಿ ನಿಯೊ ಜಿಯೊ ಪಾಕೆಟ್ ಕಲರ್ ಅನ್ನುವ ಯಂತ್ರಕ್ಕೆ ಕಾರ್ಡ್ ಫೈಟರ್ಸ್ ಕ್ಲ್ಯಾಶ್ ಅಂತ ಆಟ ಮಾಡಿತು. ಗುದ್ದಾಟದ ಆಟ ಮಾಡುವ ಎರಡು ಕಂಪನಿ, ಎಸ್‌ಎನ್‌ಕೆ ಮತ್ತು ಕ್ಯಾಪ್‌ಕಾಮ್, ಅಂಗಡಿಯಲ್ಲಿ ಎದುರಾಳಿಗಳು. ಅವರ ಪಾತ್ರಗಳೆಲ್ಲ ಇಲ್ಲಿ ಕಾರ್ಡುಗಳಾದವು. ಒಟ್ಟು 300 ಕಾರ್ಡ್. 240 ಪಾತ್ರದ್ದು, 60 ಬೇರೆ ಪಟ್ಟಿನದು. ಆಡುವ ಕಟ್ಟು 50. ಎಸ್‌ಎನ್‌ಕೆ ಹೆಸರಿನ ಕ್ಯಾಸೆಟ್ ಒಂದು, ಕ್ಯಾಪ್‌ಕಾಮ್ ಹೆಸರಿನದು ಒಂದು. ಒಂದರಲ್ಲಿ ಇಲ್ಲದ ಕಾರ್ಡನ್ನು ಇನ್ನೊಂದರವನಿಂದ ತಂತಿ ಹಾಕಿ ಬದಲಾಯಿಸಿಕೊಳ್ಳಬೇಕು. ಎಸ್‌ಎನ್‌ಕೆ ಕಂಪನಿ 2001ರಲ್ಲಿ ದಿವಾಳಿಯಾಯಿತು, ಯಂತ್ರವೂ ಹೋಯಿತು. ಆಟ ಮಾತ್ರ ಇವತ್ತಿಗೂ ಹಳತಾಗಿಲ್ಲ. ಸಣ್ಣ ನಿಯಮ, ದೊಡ್ಡ ಯೋಚನೆ. ಇಷ್ಟು ಚೊಕ್ಕವಾದ ಕಾರ್ಡ್ ಆಟ ನಾನು ಬೇರೆ ನೋಡಿಲ್ಲ.

ನನ್ನ ಹತ್ತಿರ ಕ್ಯಾಪ್‌ಕಾಮಿನದು ಇತ್ತು. ಎಸ್‌ಎನ್‌ಕೆಯದನ್ನು ನಾನೇ ತರಿಸಿ, ನಾನೇ ದಡ್ಡನಾಗಿ, ಶಿರಸಿಯ ನನ್ನ ಭಾವನಿಗೆ ಅವರ ಹುಟ್ಟುಹಬ್ಬಕ್ಕೆ ಕೊಟ್ಟೆ. ಆಡಿ ಬೇಜಾರಾದ ಮೇಲೆ ವಾಪಸ್ ಕೊಡುತ್ತಾರೆ ಅಂದುಕೊಂಡಿದ್ದೆ. ಒಂಬತ್ತು ವರ್ಷ ಆಯಿತು. "ಬಾ, ಆಡು, ಊಟ ಮಾಡು. ಕ್ಯಾಸೆಟ್ ಕೇಳಡ" ಅನ್ನುತ್ತಾರೆ. ಈಗ ವರ್ಷಕ್ಕೆ ಎರಡು ಸಲ, ತಂತಿ ಜೇಬಲ್ಲಿಟ್ಟುಕೊಂಡು, ದೇವಿಮನೆ ಘಟ್ಟ ಹತ್ತಿ ಹೋಗುತ್ತೇನೆ. ಅವರ ಕಟ್ಟು ನನಗಿಂತ ಚೆನ್ನಾಗಿದೆ. ಇದನ್ನು ಅವರೆದುರು ಹೇಳಿರಲಿಲ್ಲ.

ದೊಡ್ಡ ಪೆಟ್ಟಿಗೆಗಳ ಬಗ್ಗೆ ಒಂದೆರಡು ಮಾತು ಹೇಳಿ ಮುಗಿಸಿಬಿಡುತ್ತೇನೆ. ವಿಚರ್ 3 ಅನ್ನುವ ಆಟದೊಳಗೆ ಗ್ವೆಂಟ್ ಅಂತ ಒಂದು ಕಾರ್ಡ್ ಆಟ ಇದೆ. ರಾಕ್ಷಸರನ್ನು ಕೊಲ್ಲಲು ಹೊರಟವನು ಹೆಂಡದಂಗಡಿಯಲ್ಲಿ ಕೂತು ಕಾರ್ಡ್ ಆಡುತ್ತಾನೆ. ಜನ ಅದನ್ನೇ ಜಾಸ್ತಿ ಆಡಿದರು. 2015ರಲ್ಲಿ ಅದರ ಹಾರ್ಟ್ಸ್ ಆಫ್ ಸ್ಟೋನ್ ಅನ್ನುವ ಮುಂದಿನ ಭಾಗ ಪೆಟ್ಟಿಗೆಯಲ್ಲಿ ಬಂದಾಗ ಒಳಗೆ ನಿಜವಾದ ಗ್ವೆಂಟ್ ಕಟ್ಟು ಎರಡು ಇದ್ದವು. ಆಟ ಮಾತ್ರ ಇರಲಿಲ್ಲ! ಅದಕ್ಕೊಂದು ಕೋಡ್, ಇಳಿಸಿಕೊಳ್ಳಿ ಅಂತ. ಈಗ ಆ ಪೆಟ್ಟಿಗೆಯನ್ನು ಸೆಕೆಂಡ್ ಹ್ಯಾಂಡ್ ಕೊಂಡರೆ ಕೋಡ್ ಯಾರೋ ಉಪಯೋಗಿಸಿ ಆಗಿರುತ್ತದೆ. ಉಳಿಯುವುದು ಕಾಗದದ ಎರಡು ಕಟ್ಟು. ಇಬ್ಬರು ಕೂತು ಆಡಬಹುದು, ಕರೆಂಟೂ ಬೇಡ. ಸ್ಪೆಷಲ್ ಅಂತ ಕೊಟ್ಟ ಕಾಗದ ಉಳಿಯಿತು, ಮುಖ್ಯ ಅಂತ ಕೊಟ್ಟದ್ದು ಹೋಯಿತು.

ಪೆಟ್ಟಿಗೆಯೇ ಇಲ್ಲದ ಸ್ಪೆಷಲ್ ಎಡಿಷನ್ನೂ ಉಂಟು. ವಾಲ್ವ್ ಕಂಪನಿ 2018ರ ನವೆಂಬರಿನಲ್ಲಿ ಆರ್ಟಿಫ್ಯಾಕ್ಟ್ ಅಂತ ಒಂದು ಆಟ ತಂದಿತು. ಮಾಡಿದವರಲ್ಲಿ ಆಗ ಹೇಳಿದ ಗಾರ್ಫೀಲ್ಡ್ ಕೂಡ ಇದ್ದರು. ಆಟಕ್ಕೂ ದುಡ್ಡು, ಕಾರ್ಡಿಗೂ ದುಡ್ಡು. ಜನ ಬೇಗ ಬಿಟ್ಟುಹೋದರು. 2021ರಲ್ಲಿ ಕೆಲಸ ನಿಲ್ಲಿಸಿ ಆಟವನ್ನು ಎಲ್ಲರಿಗೂ ಪುಕ್ಕಟೆ ಮಾಡಿದರು. ಮೊದಲೇ ದುಡ್ಡು ಕೊಟ್ಟವರಿಗೆ ಏನು ಮಾಡಿದರು ಗೊತ್ತಾ? ಅವರ ಕಾರ್ಡುಗಳಿಗೆಲ್ಲ ಕಲೆಕ್ಟರ್ಸ್ ಎಡಿಷನ್ ಅಂತ ಹೆಸರಿಟ್ಟರು. ಊಟ ಮುಗಿದ ಮೇಲೆ ಬೆಳ್ಳಿ ತಟ್ಟೆ ಹಾಕಿದ ಹಾಗೆ.

ಹಳೆಯ ಆಟಗಳನ್ನು ಸುಮ್ನೆ ಆಡಬೇಕು ಅನ್ನುವವರಿಗೆ ಈಗ ಸುಲಭ ದಾರಿ ಇದೆ. ಕೊನಾಮಿ 2025ರ ಫೆಬ್ರವರಿಯಲ್ಲಿ ಯು-ಗಿ-ಓ ಅರ್ಲಿ ಡೇಸ್ ಕಲೆಕ್ಷನ್ ಅಂತ 14 ಹಳೆಯ ಆಟಗಳನ್ನು ಒಟ್ಟಿಗೆ ತಂದಿದೆ. ಡ್ಯುಯಲ್ ಮಾನ್‌ಸ್ಟರ್ಸ್ 4 ಅದರಲ್ಲಿದೆ, ಇಂಗ್ಲಿಷಿನಲ್ಲಿ. "ಹೆಡ್ಮಾಸ್ಟರ್" ಅಂತ ನಾವು ಕರೆದ ಕಾರ್ಡಿನ ನಿಜ ಹೆಸರು ನನಗೆ ಗೊತ್ತಾದದ್ದು ಅದರಲ್ಲೇ. ನಮ್ಮ ಹೆಸರೇ ಚೆನ್ನಾಗಿತ್ತು.

ಕೊಳ್ಳುವವರಿಗೆ. ಮೋಸ ಹೋಗದೆ ಈ ಕೆಲಸ ಯಾರೂ ಕಲಿತಿಲ್ಲ, ನಾನೂ ಹೋಗಿದ್ದೇನೆ. ಒಬ್ಬ ಮಾರಾಟಗಾರ ಪೂರ್ತಿ ಸೆಟ್ಟಿನ ಫೋಟೊ ತೋರಿಸಿ ಕಳಿಸಿದ್ದು ಬಣ್ಣದ ಜೆರಾಕ್ಸ್ ಅಂಟಿಸಿದ ಪೆಟ್ಟಿಗೆ, ಒಳಗೆ ನಕಲಿ ಕ್ಯಾಸೆಟ್. ಇನ್ನೊಂದು ಸಲ ಪಾರ್ಸೆಲ್ಲನ್ನು ಜುಲೈ ತಿಂಗಳಲ್ಲಿ ಗೇಟಿನ ಹೊರಗೆ ಇಟ್ಟುಹೋಗಿದ್ದರು. ಬಿಚ್ಚಿದಾಗ ರಟ್ಟು ಗಂಜಿಯಾಗಿತ್ತು. ಹಾಗಾಗಿ ಹೇಳುತ್ತೇನೆ. ಗೇಮ್ ಬಾಯ್ ಅಡ್ವಾನ್ಸ್ ಕ್ಯಾಸೆಟ್ ಆದರೆ ಲೇಬಲ್ಲನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಸಲಿಯ ಮೇಲೆ ಒಂದು ಸಣ್ಣ ಅಂಕಿ ಒತ್ತಿದ ಗುರುತು ಇರುತ್ತದೆ. ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳ ಮೇಲ್ಗಡೆ ಹಸಿರು ಹಲಗೆಯ ಮೇಲೆ ನಿಂಟೆಂಡೊ ಹೆಸರು ಅಚ್ಚಾಗಿರಬೇಕು. ಸ್ಕ್ರೂ ಕೂಡ ನೋಡಿ. ಅಸಲಿಗೆ ಮೂರು ಕಾಲಿನ ಸ್ಕ್ರೂ. ಮನೆಯ ಸ್ಕ್ರೂಡ್ರೈವರ್ ಹಿಡಿಸಿತು ಅಂದರೆ ಯಾರೋ ಒಮ್ಮೆ ಬಿಚ್ಚಿದ್ದಾರೆ, ಇಲ್ಲವೇ ಪೂರ್ತಿ ನಕಲಿ.

ಕಾಗದದ ಕಾರ್ಡಿಗೆ ಹೊರದೇಶದಲ್ಲಿ 1ರಿಂದ 10ರವರೆಗೆ ಅಂಕ ಕೊಡುವ ಕಂಪನಿಗಳಿವೆ. ಮೂಲೆ, ಅಂಚು, ಮೇಲ್ಮೈ, ಚಿತ್ರ ಸರಿಯಾಗಿ ನಡುವೆ ಕೂತಿದೆಯಾ, ಎಲ್ಲ ನೋಡಿ ಅಂಕ ಹಾಕಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಬಿಡುತ್ತಾರೆ. ಶಿರಸಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಚಾಲಿ ಯಾವುದು, ಬಿಳಿಗೋಟು ಯಾವುದು, ಕೋಕಾ ಯಾವುದು ಅಂತ ಚೀಲಕ್ಕೆ ಕೈ ಹಾಕಿದ ಕೂಡಲೇ ಹೇಳುವವರು ನೀವು. ವ್ಯತ್ಯಾಸ ಏನು ಅಂದರೆ ಅಡಿಕೆಯನ್ನು ಕೊನೆಗೆ ಯಾರಾದರೂ ತಿನ್ನುತ್ತಾರೆ. ಆ ಪ್ಲಾಸ್ಟಿಕ್ಕಿನೊಳಗಿನ ಕಾರ್ಡನ್ನು ಯಾರೂ ಆಡುವುದಿಲ್ಲ. ನಾನು ಒಂದನ್ನೂ ಮುಚ್ಚಿಸಿಲ್ಲ.

ಇನ್ನು ನಮ್ಮ ಮಳೆ. ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸು ಸುರಿಯುವ ಊರಿನಲ್ಲಿ ರಟ್ಟಿನ ಪೆಟ್ಟಿಗೆ ಕೂಡಿಡುವುದು ಅಂದರೆ ಸಮುದ್ರದ ದಂಡೆಯಲ್ಲಿ ಉಪ್ಪು ಒಣಗಿಸುವ ಧೈರ್ಯ ಬೇಕು. ಹೊಳೆಯುವ ಕಾರ್ಡುಗಳು ಜುಲೈನಲ್ಲಿ ಹಲಸಿನ ಹಪ್ಪಳದ ಹಾಗೆ ಬಾಗುತ್ತವೆ. ಕಾರಣ ಸರಳ. ಹಿಂದಿನ ಕಾಗದ ತೇವ ಕುಡಿದು ಹಿಗ್ಗುತ್ತದೆ, ಮುಂದಿನ ಹೊಳಪಿನ ಹಾಳೆ ಹಿಗ್ಗುವುದಿಲ್ಲ. ಹಾಗಾಗಿ ಹೊಳಪಿನ ಕಡೆಗೆ ಮಡಚಿಕೊಳ್ಳುತ್ತದೆ. ಇಸ್ತ್ರಿ ಪೆಟ್ಟಿಗೆ ಇಟ್ಟು ನೆಟ್ಟಗೆ ಮಾಡಲು ಹೋಗಬೇಡಿ, ನನ್ನ ಒಂದು ಕಾರ್ಡ್ ಹಾಗೆ ಹೋಗಿದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಬಣ್ಣ ಬದಲಾಯಿಸುವ ಜಾತಿಯದಾದರೆ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು. ಸೀರೆ ಪೆಟ್ಟಿಗೆಗೆ ಹಾಕುವ ನುಸಿಗುಳಿಗೆ ಮಾತ್ರ ಬೇಡವೇ ಬೇಡ. ಅದರ ಹಬೆಗೆ ಕೆಲವು ಜಾತಿಯ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಅಟ್ಟದ ಮೇಲೆ ಇಟ್ಟರೆ ಬೆಚ್ಚಗಿರುತ್ತದೆ ಅಂತ ಆಯಿ ಹೇಳುತ್ತಾಳೆ. ಬೆಚ್ಚಗೇನೋ ಇರುತ್ತದೆ, ಹೊಗೆಯೂ ಹಿಡಿಯುತ್ತದೆ. ಹಾಗೆಯೇ ಕ್ಯಾಸೆಟ್ ಓಡದಿದ್ದರೆ ಬಾಯಿಂದ ಊದುವುದನ್ನು ಬಿಡಿ. ಎಲ್ಲರೂ ಊದಿದ್ದೇವೆ, ಗೊತ್ತು. ಉಗುಳಿನ ತೇವಕ್ಕೆ ಹಲ್ಲು ಕಿಲುಬು ಹಿಡಿಯುತ್ತದೆ, ಇಲ್ಲಿ ಉಪ್ಪುಗಾಳಿ ಬೇರೆ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ.

ಕೊನೆಗೆ ಈ ಚಿಕ್ಕ ಕ್ಯಾಸೆಟ್. ಆಗ ಹೇಳಿದ ಪೋಕೆಮಾನ್ ಕಾರ್ಡ್ ಆಟ. ಅಮೆರಿಕದಲ್ಲಿ 2000ದಲ್ಲಿ ಬಂದಾಗ ಇದರ ಪೆಟ್ಟಿಗೆಯಲ್ಲಿ ಮಿಯಾವ್ತ್ ಅನ್ನುವ ಬೆಕ್ಕಿನ ಕಾರ್ಡ್ ಇರುತ್ತಿತ್ತು. ಈ ಆಟದಲ್ಲೂ ಒಬ್ಬನಿಂದ ಆಗದ ಕೆಲಸ ಒಂದಿದೆ, ಕಾರ್ಡ್ ಪಾಪ್. ಎರಡು ಗೇಮ್ ಬಾಯ್ ಕಲರನ್ನು ತಲೆಗೆ ತಲೆ ತಾಗಿಸಿ ಹಿಡಿದರೆ ಟಿವಿ ರಿಮೋಟಿನ ಹಾಗೆ ಕಾಣದ ಬೆಳಕಿನಲ್ಲಿ ಮಾತಾಡಿಕೊಂಡು ಇಬ್ಬರಿಗೂ ಒಂದೊಂದು ಕಾರ್ಡ್ ಕೊಡುತ್ತವೆ. ಹಾಗೆ ಮಾತ್ರ ಸಿಗುವ ಕಾರ್ಡುಗಳಿವೆ. ಮುಂದೆ ಬಂದ ಗೇಮ್ ಬಾಯ್ ಅಡ್ವಾನ್ಸಿನಲ್ಲಿ ಆ ಕಾಣದ ಬೆಳಕಿನ ಕಣ್ಣನ್ನೇ ತೆಗೆದುಬಿಟ್ಟರು. ಹಾಗಾಗಿ ಅದರಲ್ಲಿ ಅಮೆರಿಕದ ಕ್ಯಾಸೆಟ್ ಹಾಕಿದರೆ ಆಟ ಓಡುತ್ತದೆ, ಪಾಪ್ ಆಗುವುದಿಲ್ಲ.

ಇದನ್ನು ನಾನು ಜಪಾನಿನಿಂದ ಹಳತೇ ತರಿಸಿದ್ದು. ಹಾಕಿ ನೋಡಿದರೆ ಒಳಗೆ ಯಾರದೋ ಆಟ ಹಾಗೇ ಉಳಿದಿತ್ತು. ಮೂರಕ್ಷರದ ಹೆಸರು. ಕಟ್ಟು ಪೂರ್ತಿ ನೀರಿನ ಪೋಕೆಮಾನ್. ಕಟ್ಟಿದ ರೀತಿ ನೋಡಿದರೆ ಚಿಕ್ಕ ಹುಡುಗನೋ ಹುಡುಗಿಯೋ ಅನ್ನಿಸುತ್ತದೆ, ಇಷ್ಟವಾದದ್ದನ್ನೆಲ್ಲ ತುರುಕಿದ್ದಾರೆ, ಗೆಲ್ಲುವ ಯೋಚನೆ ಇಲ್ಲ. ಈ ಕ್ಯಾಸೆಟ್ಟಿನೊಳಗೆ ನಾಣ್ಯದ ಆಕಾರದ ಒಂದು ಬ್ಯಾಟರಿ ಇದೆ. ಆ ಉಳಿದ ಆಟ ನಿಂತಿರುವುದು ಅದರ ಮೇಲೆ. ಬ್ಯಾಟರಿ ಸತ್ತರೆ ಅದೂ ಹೋಯಿತು. ಬೇರೆ ಹಾಕಲು ಹಳೆಯದನ್ನು ಕಿತ್ತರೂ ಹೋಯಿತು. ಕಾರ್ಡ್ ಫೈಟರ್ಸ್ ಕ್ಯಾಸೆಟ್ಟಿಗೆ ಈ ಭಯ ಇಲ್ಲ, ಅದು ಬ್ಯಾಟರಿ ಇಲ್ಲದೆಯೇ ನೆನಪಿಡುವ ಚಿಪ್ಪಿನದು. ಕಂಪ್ಯೂಟರಿಗೆ ಸಿಕ್ಕಿಸಿ ಉಳಿದ ಆಟವನ್ನು ನಕಲು ಮಾಡಿಕೊಳ್ಳುವ ಸಣ್ಣ ಯಂತ್ರ ಬರುತ್ತದೆ. ಈ ಬೇಸಿಗೆಯಲ್ಲಿ ತರಿಸಿದೆ. ಮೊದಲು ಮಾಡಿದ್ದೇ ಆ ಮೂರಕ್ಷರದವರ ಆಟವನ್ನು ತೆಗೆದಿಟ್ಟದ್ದು. ಬ್ಯಾಟರಿ ಬದಲಾಯಿಸಿ, ಅದನ್ನೇ ವಾಪಸ್ ಹಾಕಿದ್ದೇನೆ. ನನ್ನ ಆಟ ಅದರಲ್ಲಿ ಶುರು ಮಾಡಿಲ್ಲ. ಅದಕ್ಕೆ ಬೇರೆ ಕ್ಯಾಸೆಟ್ ನೋಡುತ್ತಿದ್ದೇನೆ, ಮನೆಯಲ್ಲಿ ಇನ್ನೂ ಹೇಳಿಲ್ಲ.

ಈಗ ಟೈಮ್ ನೋಡಿಕೊಳ್ಳಬೇಕು. ಹಿಂದಿನ ಸಾಲಿನಲ್ಲಿ ಕಂಬದ ಪಕ್ಕ ಕೂತು ನಗುತ್ತಿರುವವರು ನಮ್ಮ ಭಾವ. ನಾನು ಹೇಳಿದ್ದೆಲ್ಲ ಕೇಳಿದ್ದಾರೆ, ಅವರ ಕಟ್ಟು ಚೆನ್ನಾಗಿದೆ ಅಂದದ್ದನ್ನೂ. ಎಸ್‌ಎನ್‌ಕೆ ಕ್ಯಾಸೆಟ್ ಅವರ ಅಂಗಿಯ ಜೇಬಿನಲ್ಲಿದೆ, ಒಂಬತ್ತು ವರ್ಷದಲ್ಲಿ ಮೊದಲ ಸಲ ಘಟ್ಟ ಇಳಿದಿದೆ. ಕ್ಯಾಪ್‌ಕಾಮಿನದು ಇಲ್ಲಿದೆ, ತಂತಿ ಇಲ್ಲಿದೆ, ಯಂತ್ರ ಎರಡೂ ಚಾರ್ಜ್ ಅಲ್ಲ, ಸೆಲ್ಲಿನದು, ಸೆಲ್ ತಂದಿದ್ದೇನೆ. ಅವರಿಗೆ ಸಂಜೆ ಶಿರಸಿ ಬಸ್ಸಿದೆ. ಅಷ್ಟರೊಳಗೆ ಎರಡು ಆಟ ಆಗುತ್ತದೆ. ಕುರ್ಚಿ ಸ್ವಲ್ಪ ಮುಂದೆ ಎಳೆದುಕೊಳ್ಳಿ, ಪರದೆ ಬಹಳ ಸಣ್ಣದು. ಭಾವ, ಬನ್ನಿ.